ತಮ್ಮ ಮಾತು ಮುಗಿಸುವ ತನಕ

ಅಪ್ಪ ಅಮ್ಮ ಬೇರೆಯಾಗುವುದೆಂದು ತೀರ್ಮಾನವಾದಾಗ ನಾನು ಏಳನೇ ತರಗತಿ, ತಮ್ಮ ಎರಡನೇ ತರಗತಿ. ಹೊಸಪೇಟೆಯಲ್ಲಿ ನಮ್ಮದು ಬಾಡಿಗೆ ಮನೆ. ಅಪ್ಪ ಸಂಡೂರಿನ ಒಂದು ಗಣಿ ಕಚೇರಿಯಲ್ಲಿದ್ದರು, ಅಮ್ಮ ಕಂಪ್ಲಿಯ ಆಸ್ಪತ್ರೆಯಲ್ಲಿ ನರ್ಸ್. ಮನೆಯಲ್ಲಿ ಜಗಳವೆಂದು ಕೂಗಾಟವೇನೂ ಇರಲಿಲ್ಲ. ಮಾತೇ ನಿಂತುಹೋಗಿತ್ತು. ಗ್ಯಾಸ್ ಸಿಲಿಂಡರ್ ಮುಗಿದಿದೆ ಎಂಬುದನ್ನೂ ಅಮ್ಮ ನನ್ನ ಕೈಲೇ ಅಪ್ಪನಿಗೆ ಹೇಳಿ ಕಳಿಸುತ್ತಿದ್ದರು.

ಅಪ್ಪ ಸಂಡೂರಿಗೆ, ಅಮ್ಮ ಕಂಪ್ಲಿಗೆ ಮನೆ ಬದಲಿಸುವ ಮಾತು ಬಂದಾಗ ದೊಡ್ಡಪ್ಪನೂ ಸೋದರಮಾವನೂ ಬಂದು ಕೂತರು. "ಗಂಡು ಹುಡುಗ ಅಪ್ಪನ ಕಡೆ, ಹೆಣ್ಣು ಹುಡುಗಿ ತಾಯಿ ಕಡೆ. ಒಬ್ಬೊಬ್ಬರಿಗೆ ಒಂದೊಂದು ಪಾಲು. ಮುಗೀತಲ್ಲ?" ಎಂದರು ದೊಡ್ಡಪ್ಪ. ಅಡುಗೆಮನೆಯಲ್ಲಿ ನಾವಿಬ್ಬರೂ ಕೇಳಿಸಿಕೊಳ್ಳುತ್ತಿದ್ದೆವು.

"ಪಾ... ಪಾಲು ಅಂದ್ರ ಏನಕ್ಕ?" ಎಂದು ತಮ್ಮ ಕೇಳಿದ. ಅವನಿಗೆ ಮಾತು ತಡೆಯುತ್ತಿತ್ತು.

"ಪಾಪಿನಾಯಕನಹಳ್ಳಿ ಹೊಲ ಅಪ್ಪ, ದೊಡ್ಡಪ್ಪ ಹಂಚ್ಕೊಂಡ್ರಲ್ಲ, ಅದು" ಎಂದೆ.

ಪ್ರಕರಣ ಕೋರ್ಟಿಗೆ ಹೋಯಿತು. ಅಲ್ಲಿಂದ ಮಾತುಕತೆಯಲ್ಲೇ ಬಗೆಹರಿಸಿಕೊಳ್ಳಿ ಎಂದು ಒಬ್ಬ ಮಹಿಳಾ ವಕೀಲರ ಬಳಿಗೆ ಕಳಿಸಿದರು. ನಾವು ಅವರನ್ನು ಮೇಡಂ ಎಂದೇ ಕರೆದೆವು. ಮಕ್ಕಳು ಏನು ಹೇಳುತ್ತಾರೆ ಎಂದು ಅವರು ಮೊದಲ ದಿನವೇ ಕೇಳಿದರಂತೆ. "ಸಣ್ಣವು ರೀ, ಅವಕ್ಕೇನು ತಿಳೀತೈತಿ?" ಎಂದರಂತೆ ಅಮ್ಮ. ಅಪ್ಪನದೂ ಅದೇ ಉತ್ತರ. ಆ ವರ್ಷ ಅಲ್ಲಿಯವರೆಗೆ ಅವರಿಬ್ಬರೂ ಒಪ್ಪಿದ ಒಂದೇ ಮಾತು ಅದಾಗಿತ್ತು ಎಂದು ಅಮ್ಮ ಈಗ ನಗುತ್ತಾರೆ. ಮೇಡಂ ಮಾತ್ರ ಪಟ್ಟು ಬಿಡಲಿಲ್ಲ.

ನಮ್ಮನ್ನು ಕರೆದ ದಿನ ಅವರು ಮೇಜಿನ ಆಚೆಯಿಂದ ಕುರ್ಚಿಯನ್ನು ಎಳೆದುಕೊಂಡು ನಮ್ಮ ಪಕ್ಕಕ್ಕೆ ಬಂದು ಕೂತರು.

"ಅಪ್ಪ ಬೇಕೋ ಅಮ್ಮ ಬೇಕೋ ಅಂತ ನಾ ಕೇಳಂಗಿಲ್ಲ. ತೀರ್ಮಾನ ಮಾಡೋದು ದೊಡ್ಡೋರ ಕೆಲಸ, ಅದನ್ನ ನಿಮ್ಮ ತಲಿ ಮ್ಯಾಲೆ ಹಾಕಂಗಿಲ್ಲ. ನೀವು ಹೇಳಿದಂಗ ಎಲ್ಲಾ ಆಗ್ತೈತಿ ಅಂತನೂ ಮಾತು ಕೊಡಂಗಿಲ್ಲ. ಆದ್ರ ನೀವು ಹೇಳ್ರಿ ಅಂದಿದ್ದನ್ನ ಅವರಿಗೆ ಹೇಳ್ತೀನಿ. ಬ್ಯಾಡ ಅಂದಿದ್ದನ್ನ ನನ್ನ ಹತ್ರನ ಇಟ್ಕೋತೀನಿ. ಯಾರಾದ್ರೂ ನಿಮಗ ಹೊಡೆಯೋದು ಬಡಿಯೋದು ಮಾಡಾಕತ್ತಿದ್ರ ಮಾತ್ರ ನಾ ಸುಮ್ನ ಇರಂಗಿಲ್ಲ."

ಯಾರ ಹತ್ತಿರ ಇರುತ್ತೀ ಎಂದು ಓಣಿಯವರೆಲ್ಲ ಕೇಳಿದ್ದರು. ಕೇಳಿದವರ ಮುಖ ನೋಡಿ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಿದ್ದೆ. ಇವರು "ಸಾಲಿಯಿಂದ ಬಂದು ಏನ್ ಮಾಡ್ತಿ?" ಎಂದಾಗ ನನ್ನ ಬಳಿ ಸಿದ್ಧ ಉತ್ತರವೇ ಇರಲಿಲ್ಲ. ಹಾಗಾಗಿ ಇದ್ದದ್ದನ್ನು ಹೇಳಿದೆ. ಖೋಖೋ ತಂಡ, ಮಲಪನಗುಡಿಯಿಂದ ಬರುವ ಗೆಳತಿ, ಹೊಸಪೇಟೆ ಬಿಟ್ಟು ಹೋಗಲು ಮನಸ್ಸಿಲ್ಲದ್ದು. "ಅಪ್ಪ ಅಮ್ಮ ಅವರವರ ಮಾತು ಅವರವರ ಹೇಳ್ಕೊಳ್ಳಿ. ನನ್ನ ಕೈಲೆ ಹೇಳಿ ಕಳಸಬ್ಯಾಡ್ರಿ" ಎಂದೂ ಸೇರಿಸಿದೆ.

ಆಮೇಲೆ ತಮ್ಮನ ಸರದಿ. ಅವನ ಮಾತು ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿತು. ಮನೆಯಲ್ಲಿ, ಶಾಲೆಯಲ್ಲಿ ಎಲ್ಲರೂ ಮಾಡುವಂತೆ ನಾನೇ ಮುಗಿಸಲು ಹೋದೆ. ಮೇಡಂ ಮೆಲ್ಲಗೆ ನನ್ನ ಕೈ ಮೇಲೆ ಕೈಯಿಟ್ಟರು. ಗುಮಾಸ್ತರು ಬಾಗಿಲು ತೆರೆದು ಇಣುಕಿದರೆ, ತಮ್ಮನ ಮುಖದಿಂದ ಕಣ್ಣು ತೆಗೆಯದೆಯೇ ಮುಚ್ಚಿ ಎಂದು ಸನ್ನೆ ಮಾಡಿದರು. ಅವರಿಗೆ ಬೇರೆ ಯಾವ ಕೆಲಸವೂ ಇಲ್ಲವೇನೋ ಎಂಬಂತೆ ಕೂತಿದ್ದರು. ಅಷ್ಟು ಹೊತ್ತು ಯಾರೂ ಅವನಿಗಾಗಿ ಕಾದದ್ದನ್ನು ನಾನು ಕಂಡಿರಲಿಲ್ಲ.

"ನಾ... ನಾ ಹೊಲ ಅಲ್ಲ" ಎಂದ ತಮ್ಮ. "ನಮ್ಮನ್ನ ಪಾಲು ಮಾಡಬ್ಯಾಡ್ರಿ. ಅಪ್ಪ ಅಲ್ಲಿ ಒಬ್ಬಾವನ ಉಣ್ತಾನ. ಅದಕ್ಕ ನಾ ಸಂಡೂರಿಗೆ ಹೋಗ್ತೀನಿ. ಆದ್ರ ಅಕ್ಕನೂ ಬರಬೇಕು."

ಅವನು ಅಮ್ಮನನ್ನು ಬಿಟ್ಟು ಅಲ್ಲಾಡುವುದಿಲ್ಲ ಎಂದೇ ನಾನು ನಂಬಿದ್ದೆ. ಅಪ್ಪ ಒಬ್ಬರೇ ಉಣ್ಣುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ಅಂದ್ರ ಅಪ್ಪನ ಮನ್ಯಾಗ ಇರಬೇಕು ಅಂತಿ, ಹೌದಾ?" ಮೇಡಂ ಕೇಳಿದರು.

"ಇರಾಕಲ್ಲ. ಹೋ... ಹೋಗಿ ಬರಾಕ."

"ತಪ್ಪಾತು ನೋಡಪಾ. ಹೋಗಿ ಬರಾಕ" ಎಂದು ಅವರು ತಿದ್ದಿಕೊಂಡರು.

ನಂತರ, ಇದನ್ನೆಲ್ಲ ಹೇಳಬಹುದೇ ಎಂದು ನಮ್ಮನ್ನು ಕೇಳಿಕೊಂಡು, ಮೇಡಂ ಅಪ್ಪ ಅಮ್ಮ ಇಬ್ಬರನ್ನೂ ಒಳಗೆ ಕರೆದರು. ತಮ್ಮನ ಮಾತನ್ನು ಅವನು ಆಡಿದಂತೆಯೇ ಹೇಳಿದರೆಂದು ಅಪ್ಪ ಮುಂದೊಮ್ಮೆ ಹೇಳಿದರು. ಹೊರಗೆ ನಡೆದದ್ದನ್ನು ನಾನೇ ಕಂಡೆ. ವರಾಂಡದಲ್ಲಿ ಕಾಯುತ್ತಿದ್ದ ದೊಡ್ಡಪ್ಪ ಎದ್ದು ಬಂದರು. ಅವರ ಮುಂದೆ ಅಪ್ಪ ಎಂದೂ ಎದುರುಮಾತು ಆಡಿದವರಲ್ಲ.

"ಅಣ್ಣಾ, ಹುಡುಗರು ಇಬ್ಬರೂ ಒಂದ ಕಡೆ ಇರ್ತಾರ, ಅವರ ತಾಯಿ ಹತ್ರ. ನನ್ನ ಹತ್ರ ಇಬ್ಬರೂ ಕೂಡೇ ಬಂದು ಹೋಗ್ತಾರ. ಇನ್ನ ಹಂಚೋ ಮಾತು ಬ್ಯಾಡ."

ದೊಡ್ಡಪ್ಪ ಸಿಟ್ಟಿನಿಂದ ಮೆಟ್ಟಿಲಿಳಿದು ಹೋದರು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಮಗ ತನ್ನ ಮನೆಗೆ ಬಂದೇ ಬಿಟ್ಟ ಎಂದುಕೊಂಡಿದ್ದ ಮನುಷ್ಯ ಅದನ್ನು ಬಿಟ್ಟುಕೊಟ್ಟಿದ್ದರು. ಆ ಹೊತ್ತು ಅಪ್ಪ ನನಗೆ ಬಹಳ ದೊಡ್ಡವರಾಗಿ ಕಂಡರು.

ನಾನು ಕೇಳಿದ್ದೆಲ್ಲ ಆಗಲಿಲ್ಲ. ಏಳನೇ ತರಗತಿ ಮುಗಿಯುವವರೆಗೆ ಅಮ್ಮ ಹೊಸಪೇಟೆಯಿಂದಲೇ ಓಡಾಡುವುದು, ಆಮೇಲೆ ಕಂಪ್ಲಿಗೆ ಹೋಗುವುದು ಎಂದಾಯಿತು. ಅದನ್ನು ಹೇಳಲು ಮೇಡಂ ನಮ್ಮನ್ನು ಮತ್ತೊಮ್ಮೆ ಕರೆಸಿದರು. "ನಿನ್ನ ಮಾತು ಅರ್ಧ ಆಗೈತಿ, ಅರ್ಧ ಆಗಿಲ್ಲ. ಯಾಕ ಅಂತ ಹೇಳ್ತೀನಿ" ಎಂದು ಅಮ್ಮನ ನೈಟ್ ಡ್ಯೂಟಿ, ಬಸ್ಸಿನ ತಾಪತ್ರಯವನ್ನೆಲ್ಲ ದೊಡ್ಡವರಿಗೆ ಹೇಳುವಂತೆ ನನಗೆ ಬಿಡಿಸಿ ಹೇಳಿದರು. ನಾನು ಅಲ್ಲೇ ಅತ್ತೆ. ಅವರು ಸಮಾಧಾನ ಮಾಡಲು ಅವಸರಪಡಲಿಲ್ಲ. "ಸಿಟ್ಟು ಬಂದ ಬರ್ತೈತಿ" ಎಂದರಷ್ಟೆ.

ಕಂಪ್ಲಿಗೆ ಹೋದ ಮೇಲೆ ಹದಿನೈದು ದಿನಕ್ಕೊಮ್ಮೆ ಸಂಡೂರಿಗೆ ಹೋಗಿಬರುವುದು ನನಗೆ ಕಷ್ಟವಾಗತೊಡಗಿತು. ಹೊಸ ಶಾಲೆ, ಹೊಸ ತಂಡ, ಶನಿವಾರವೇ ಆಟ. ಯಾರಿಗೂ ಹೇಳಿರಲಿಲ್ಲ. ಒಂದು ಭಾನುವಾರ ಅಪ್ಪ ಅಮ್ಮ ಮಾತಾಡಿಕೊಂಡು ನಮ್ಮಿಬ್ಬರನ್ನೂ ಹಂಪಿಗೆ ಕರೆದೊಯ್ದರು. ಹೊಳೆ ದಂಡೆಯ ನೆರಳಲ್ಲಿ ಅಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚಿದರು.

"ಈಗ ನಡೆದಿದ್ದು ನಿಮಗ ಸರಿ ಹೊಂದೈತೇನು?" ಅಪ್ಪ ಕೇಳಿದರು. "ನಮ್ಮ ಮನಸಿಗೆ ಬ್ಯಾಸರ ಆಗ್ತೈತಿ ಅಂತ ಮುಚ್ಚಿಡಬ್ಯಾಡ್ರಿ."

ನಾನು ತಿಂಗಳಿಗೊಮ್ಮೆ ಬರುತ್ತೇನೆ ಎಂದೆ. ತಮ್ಮ ಪ್ರತಿ ವಾರ ಹೋಗಬೇಕು, ಅಕ್ಕ ಬರದಿದ್ದರೂ ನಡೆಯುತ್ತದೆ ಎಂದ. ಅಪ್ಪನ ಮುಖ ನನ್ನ ಮಾತಿಗೆ ಸಪ್ಪಗಾದದ್ದು, ಅಮ್ಮನ ಮುಖ ಅವನ ಮಾತಿಗೆ ಸಪ್ಪಗಾದದ್ದು ಎರಡನ್ನೂ ಕಂಡೆ. ಆದರೂ ಇಬ್ಬರೂ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಅಮ್ಮ, "ಹಂಗ ಮಾಡೋಣ ಬಿಡ್ರಿ" ಎಂದರು.

ಅಂದಿನಿಂದ ಪ್ರತಿ ಶನಿವಾರ ಅಮ್ಮ ತಮ್ಮನನ್ನು ಹೊಸಪೇಟೆ ಬಸ್ ಸ್ಟ್ಯಾಂಡಿಗೆ ಕರೆತರುತ್ತಿದ್ದರು, ಅಪ್ಪ ಸಂಡೂರಿನಿಂದ ಅಲ್ಲಿಗೆ ಬರುತ್ತಿದ್ದರು. ಬಸ್ಸು ಹೊರಡುವ ತನಕ ಮೂವರೂ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದರಂತೆ.