ಹೂಂ, ಬಿಡ್ರಿ

ಚನ್ನಗಿರಿಯಲ್ಲಿ ಕೂತು ದೂರದ ಊರುಗಳ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕೆಲಸ. ಅವತ್ತು ಬಿಳಿಚೋಡಿನ ಆನ್‌ಲೈನ್ ಅಂಗಡಿಯ ಶಾಂತಕ್ಕ ಫೋನ್ ಮಾಡಿದರು. ಹೆಬ್ಬೆಟ್ಟು ಒತ್ತಿಸುವ ಮಷಿನ್ ಕೈಕೊಟ್ಟಿತ್ತು. ಬೆಳೆವಿಮೆಗೆ ಅರ್ಜಿ ಹಾಕಲು ಅದೇ ಕೊನೇ ದಿನ, ಹೊರಗೆ ಜನ ಸಾಲುಗಟ್ಟಿದ್ದರು.

ಇಂಟರ್‌ನೆಟ್ ಮೂಲಕ ಅವರ ಸ್ಕ್ರೀನ್ ನನ್ನೆದುರು ತೆರೆದುಕೊಂಡಿತು. ನಾನು ಮೌಸಿನ ಬಾಣವನ್ನು ಎಡಕ್ಕೆ ಎಳೆದರೆ ಅದು ಬಲಕ್ಕೆ ಓಡುತ್ತಿತ್ತು. ನಾನು ತೆರೆದದ್ದನ್ನೆಲ್ಲ ಅವರು ಅಲ್ಲಿಂದ ಮುಚ್ಚುತ್ತಿದ್ದರು. ರೇಗಿಹೋಯಿತು.

"ಮೌಸ್ ಬಿಡ್ರೀ ಅಕ್ಕಾ!" ಎಂದು ಕೂಗಿದೆ.

"ನೀವು ಹಿಡ್ಕಂಡೀನಿ ಅನ್ನದೆ ನಾನು ಹೆಂಗ್ರೀ ಬಿಡ್ಲಿ? ಹುಲ್ಲಿನ ಹೊರೆ ತಲೆಗೆ ಎತ್ತಿಕೊಡೋವಾಗ, ಹೊರೋರು ‘ಹೂಂ, ಬಿಡು’ ಅನ್ನೋತನಕ ಯಾರಾದ್ರೂ ಕೈ ಬಿಡ್ತಾರಾ?"

"ಹೂಂ, ಹಿಡ್ಕಂಡೆ, ಬಿಡ್ರಿ" ಎಂದೆ. ಬಾಣ ಸಾಧು ಹಸುವಿನಂತೆ ನಿಂತಿತು. ಹತ್ತೇ ನಿಮಿಷದಲ್ಲಿ ಮಷಿನ್ ಸರಿಹೋಯಿತು. "ಈಗ ನೀವು ಹಿಡ್ಕಳ್ರಿ" ಎಂದು ಕಾದೆ. "ಹೂಂ, ಬಿಡ್ರಿ" ಎಂದು ಅವರು ಹೇಳಿದ ಮೇಲೆಯೇ ಬಿಟ್ಟೆ. ಮೊದಲ ಹೆಬ್ಬೆಟ್ಟು ಹತ್ತಿತು, ರಸೀದಿ ಬಂತು, ಸಾಲಿನವರ ಕೇಕೆ ಫೋನಿನಲ್ಲೇ ನನ್ನ ಕಿವಿಗೆ ಬಡಿಯಿತು. ಸಂಜೆಯೊಳಗೆ ಕೊನೆಯವರ ಅರ್ಜಿಯೂ ಹೋಯಿತು.

ಈಗ ಹೊನ್ನಾಳಿ, ನ್ಯಾಮತಿಯವರಿಗೂ ಇದೇ ಪಾಠ ಹೇಳುತ್ತೇನೆ. ಅವತ್ತು ಫೋನ್ ಇಡುವಾಗಲೂ ಶಾಂತಕ್ಕನ "ಹೂಂ"ಗೆ ಕಾದು ಕೂತೆ. ಅವರು ಆಗಲೇ ಇಟ್ಟುಬಿಟ್ಟಿದ್ದರು.