ಸಾಲು ಮುಗಿದ ಮೇಲೆ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಪಾಂಡವಪುರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬರುವ ವಿದ್ಯಾರ್ಥಿನಿಯರಿಗೆ ಅವರ ಬಸ್ಸಿನ ವೇಳಾಪಟ್ಟಿಯನ್ನೇ ಮುದ್ರಿಸುವ ಪ್ರೋಗ್ರಾಂ ಬರೆಯಲು ಕೊಟ್ಟೆ. ಊರುಗಳೂ ಸಮಯಗಳೂ ಒಂದೇ ಸಾಲಿನಲ್ಲಿ, ಒಂದಕ್ಕೊಂದು ಅಂಟಿಕೊಂಡು ಬಂದವು. ಮುಂದಿನ ಸಾಲಿಗೆ ಹೋಗು ಎನ್ನುವ ಗುರುತನ್ನು ಪ್ರತಿ ಸಲವೂ ನಾವೇ ಬರೆಯಬೇಕಿತ್ತು, ಮರೆತರೆ ಮುಗಿಯಿತು. ಬರೀ ಪದಗಳಿಗಾದರೆ ತಾನೇ ಸಾಲು ಮುರಿಯುವ ಫಂಕ್ಷನ್, ಅಂದರೆ ಸಿದ್ಧ ಆಜ್ಞೆ, ನಾವು ಕಲಿಸುತ್ತಿದ್ದ ಪ್ರೋಗ್ರಾಮಿಂಗ್ ಭಾಷೆಯಲ್ಲಿತ್ತು. ಪದದ ಜೊತೆ ಅಂಕಿ ಸೇರಿದರೆ ಅದು ಉಪಯೋಗಕ್ಕಿಲ್ಲ.

ಬೆಳಗೊಳದ ಮನೆಯಲ್ಲಿ ಅವ್ವನ ಮುಂದೆ ಗೊಣಗಿದೆ. ನಾಟಿ ಮುಗಿಸಿ ಬಂದವಳು ಕಾಲಿನ ಕೆಸರು ತೊಳೆಯುತ್ತಿದ್ದಳು.

"ಸಾಲು ಮುಗೀತು ಅಂದ್ರೆ ಕಾಲು ತಾನಾಗೇ ಹಿಂದಕ್ಕೆ ಬತ್ತದೆ. ಅದ್ನೂ ಯೋಳ್ಕೊಡ್ಬೇಕಾ ನಿನ್ ಮಿಷನ್‌ಗೆ?" ಅಂದಳು.

ನನಗೆ ಅಷ್ಟೇ ಸಾಕಾಯಿತು. ಮುದ್ರಿಸಿ ತಾನೇ ಮುಂದಿನ ಸಾಲಿಗೆ ಹೋಗುವ ಫಂಕ್ಷನ್ ಬರೆದು, 'ಸಾಲು' ಎಂದು ಹೆಸರಿಟ್ಟು, ಸೆಂಟರಿನಲ್ಲಿದ್ದ ಮೂರೂ ಕಂಪ್ಯೂಟರಿಗೆ ಹಾಕಿದೆ. ಇದನ್ನು ಭಾಷೆಗೇ ಸೇರಿಸಿ ಎಂದು ಆ ಭಾಷೆಯನ್ನು ನೋಡಿಕೊಳ್ಳುವ ಪರದೇಶದ ಸಮಿತಿಗೆ ಬರೆಯಲು ಹೊರಟೆ. ಮಾಲೀಕರು ಸೆಂಟರಿನ ಲೆಟರ್‌ಹೆಡ್ ಕೊಡಲಿಲ್ಲ.

"ಅಮೆರಿಕದೋರು ಕಟ್ಟಿರೋ ಭಾಷೆಗೆ ಪಾಂಡವಪುರದಿಂದ ಬಾಲ ಅಂಟಿಸ್ತೀಯೇನಮ್ಮ?"

ಅಂಟಿಸ್ತೀನಿ ಎಂದೆ. ಬಿಳಿ ಹಾಳೆಯಲ್ಲೇ ಬರೆದು ಕಳಿಸಿದೆ.

ಎಷ್ಟೋ ತಿಂಗಳ ಮೇಲೆ ಉತ್ತರ ಬಂತು: ಇದರ ಅಗತ್ಯವಿಲ್ಲ, ಎಚ್ಚರ ವಹಿಸುವುದು ಬರೆಯುವವರ ಹೊಣೆ. ಮೈಯೆಲ್ಲ ಉರಿದುಹೋಯಿತು. ಇಡೀ ತರಗತಿ ಒಂದೇ ತಪ್ಪು ಮಾಡಿದರೆ ತಪ್ಪು ತರಗತಿಯದ್ದೇ? ಮಾಲೀಕರಿಗೆ ಮಾತ್ರ ಹಬ್ಬ. ಪುಸ್ತಕದಲ್ಲಿಲ್ಲದ್ದು ಪಾಠದಲ್ಲೂ ಬೇಡ, ಅಳಿಸಿಹಾಕು, ಇಲ್ಲದಿದ್ದರೆ ಸೋಮವಾರದಿಂದ ಬರಬೇಡ ಎಂದರು.

ಆ ಕೆಲಸ ನನಗೆ ಬೇಕೇ ಬೇಕಿತ್ತು. ಅದು ಹೋದರೆ ಮನೆಯಲ್ಲಿ ಮದುವೆಯ ಮಾತು ಶುರುವಾಗುತ್ತಿತ್ತು. ಆದರೂ ಅಳಿಸಲಿಲ್ಲ. ಶನಿವಾರ ಆ ಫಂಕ್ಷನ್ನನ್ನು ಪೂರ್ತಿ ಬೋರ್ಡಿನ ಮೇಲೆ ಬರೆದೆ. ಎಲ್ಲರೂ ನೋಟ್‌ಬುಕ್ಕಿಗೆ ಇಳಿಸಿಕೊಂಡ ಮೇಲೆ ಸೀಮೆಸುಣ್ಣದ ಕೈ ಒರೆಸಿಕೊಂಡು ಹೊರಟುಬಂದೆ.

ಎರಡು ತಿಂಗಳಾಗಿರಬೇಕು. ಪಾಂಡವಪುರದ ಬಸ್ ಸ್ಟ್ಯಾಂಡಿನ ಟೀ ಅಂಗಡಿ ಗೋಡೆಗೆ ಕಂಪ್ಯೂಟರಿನಲ್ಲಿ ಮುದ್ರಿಸಿದ ವೇಳಾಪಟ್ಟಿ ಅಂಟಿಸಿದ್ದರು. ಒಂದು ಊರು, ಅದರ ಸಮಯ, ಅಲ್ಲಿಗೆ ಸಾಲು ಮುಗಿದಿತ್ತು. ನಾಗಮಂಗಲದ ಬಸ್ಸಿಗೆ ಕಾಯುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕಂಡು ಓಡಿಬಂದಳು. ಮಾಲೀಕರು 'ಸಾಲು' ಅಳಿಸಲಿಲ್ಲವೇ ಎಂದು ಕೇಳಿದೆ.

"ದಿನಾ ಅಳಿಸ್ತಾರೆ ಮೇಡಂ," ಅಂದಳು. "ದಿನಾ ನಾವು ಟೈಪ್ ಮಾಡ್ತೀವಿ."