ಸೀಟಿಯ ಸ, ಕನ್ನಡಕದ ಕ

ಬೀಗರು ಕಣ್ಣಿನ ಆಪರೇಷನ್‌ಗೆಂದು ಮಸರಕಲ್‌ನಿಂದ ರಾಯಚೂರಿನ ನಮ್ಮ ಮನೆಗೆ ಬಂದಾಗ ನಾನೇ ಬಸ್‌ಸ್ಟ್ಯಾಂಡಿಗೆ ಹೋಗಿ ಅವರ ಚೀಲ ಹೊತ್ತು ತಂದೆ. ಮಲಗಲು ನನ್ನ ಮಂಚವನ್ನೇ ಬಿಟ್ಟುಕೊಟ್ಟೆ. ಅಷ್ಟಕ್ಕೇ ನಿಂತಿದ್ದರೆ ನನಗೇನೂ ಬೇಜಾರಿರಲಿಲ್ಲ. ಆದರೆ ಅವರು ಮೊಮ್ಮಗಳಿಗೆ ಓದು ಕಲಿಸಲು ಕೂತರು. ನನ್ನ ಹೊಟ್ಟೆಯುರಿ ಅಲ್ಲಿಂದ ಶುರುವಾಯಿತು.

ಅವಳು ನನ್ನ ಮಗನಿಗೂ ಅವರ ಮಗಳಿಗೂ ಹುಟ್ಟಿದವಳು. ನನ್ನನ್ನು ತಾತಾ ಎನ್ನುತ್ತಾಳೆ, ಅವರನ್ನು ಮುತ್ಯಾ ಎನ್ನುತ್ತಾಳೆ. ಆಗಷ್ಟೇ ಒಂದನೇ ಕ್ಲಾಸಿಗೆ ಸೇರಿದ್ದಳು. ನಾನು ಬಸ್ ಕಂಡಕ್ಟರಾಗಿ ರಿಟೈರಾದವನು. ಬೋರ್ಡು ನೋಡಿ ಊರ ಹೆಸರು ಓದುವುದನ್ನು ಈ ಹುಡುಗಿಗೆ ನಾನೇ ಕಲಿಸಬೇಕು, ಅವಳು ಓದುವ ಮೊದಲ ಮಾತು ನನ್ನ ಕಿವಿಗೇ ಬೀಳಬೇಕು ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ನಿಶ್ಚಯ ಮಾಡಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಗರಜು ಬಿದ್ದೀತೆಂದು ಯಾರಿಗೆ ಗೊತ್ತಿತ್ತು?

ಬೀಗರು ಪ್ರೈಮರಿ ಸಾಲೆಯ ಮಾಸ್ತರರಾಗಿದ್ದವರು. ಕಣ್ಣಿಗೆ ಕರಿ ಕನ್ನಡಕ, ಪೇಪರ್ ಓದಬಾರದೆಂದು ಡಾಕ್ಟರ ತಾಕೀತು. ಹೊತ್ತು ಹೋಗಬೇಕಲ್ಲ. ತಾಟಿನಲ್ಲಿ ಜೋಳ ಹರವಿ, ಅದರಲ್ಲಿ ಬೆರಳಿನಿಂದ ಒಂದಕ್ಷರ ಬರೆದು ಅವಳಿಂದ ತಿದ್ದಿಸುವರು. ಆಮೇಲೆ, "ಯವ್ವಾ, ಕ ಅಂದ್ರ ಏನೇನದ ಮನ್ಯಾಗ? ಹುಡುಕ್ಕೊಂಡು ಬಾ" ಎಂದು ಅಟ್ಟುವರು.

ಅವಳು ಓಡಿ ಬಂದು, ಪೇಪರ್ ಓದುತ್ತಿದ್ದ ನನ್ನ ಮೂಗಿನ ಮೇಲಿನ ಕನ್ನಡಕ ಕಿತ್ತುಕೊಂಡು ಹೋದಳು!

ಮರುದಿನ ಸ. ಅವಳು ಗೂಟಕ್ಕೆ ತೂಗುಹಾಕಿದ್ದ ನನ್ನ ಡ್ಯೂಟಿಯ ಸೀಟಿ ತಂದುಕೊಟ್ಟಳು. ಅದನ್ನು ನಾನು ನನ್ನ ಮಗನಿಗೂ ಮುಟ್ಟಲು ಬಿಟ್ಟವನಲ್ಲ. "ಅದು ಸೀ ರೀ ಬೀಗರ, ಸ ಹೆಂಗಾಗ್ತದ?" ಎಂದೆ. "ಸೀ ಹುಟ್ಟಿದ್ದು ಸ ಒಳಗಿಂದನ ಅಲ್ಲೇನ್ರಿ?" ಎಂದು ನಕ್ಕರು. ಮ ಅಂದರೆ ಮಂಚ, ಅದೂ ನನ್ನದು. ರ ಅಂದರೆ ರಗ್ಗು, ಅದೂ ನನ್ನದು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಲ ಬಂದ ದಿನ ನಾನು ಉಟ್ಟ ಲುಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಓಡಾಡಿದೆ.

ನಾನೇನು ಸುಮ್ಮನೆ ಕೂತೆನೆ? ಸಂಜೆಯಾದರೆ ಅವಳನ್ನು ಬಸ್‌ಸ್ಟ್ಯಾಂಡಿಗೆ ಕರೆದೊಯ್ಯುತ್ತಿದ್ದೆ. ಮಿರ್ಚಿ ಭಜಿ ಕೊಡಿಸಿ, ಬೋರ್ಡು ತೋರಿಸುತ್ತಿದ್ದೆ. ದೇವದುರ್ಗದ ಬಸ್ಸುಗಳು ನಿಲ್ಲುವ ಕಡೆಗೆ ಮಾತ್ರ ಅಪ್ಪಿತಪ್ಪಿಯೂ ಹೋಗಲಿಲ್ಲ. ಆ ಬೋರ್ಡುಗಳ ಮೇಲೆ ಬೀಗರ ಊರು ಇರುತ್ತದೆ. ಹೀಗಾಗಿ ದಿನಾ ಮಾನ್ವಿ ಬಸ್ಸಿನ ಮುಂದೆಯೇ ನಿಲ್ಲಿಸುತ್ತಿದ್ದೆ. ಅವಳು ಆ ಒತ್ತಕ್ಷರವನ್ನು ನೋಡುವಳು, ಆಕಳಿಸುವಳು, ಮಿರ್ಚಿ ತಿನ್ನುವಳು.

"ಒತ್ತು ಈಗ ಬ್ಯಾಡ್ರಿ ಬೀಗರ. ಸರಳ ಇದ್ದ ಊರು ತೋರಿಸ್ರಿ" ಎಂದರು ಒಂದು ರಾತ್ರಿ ಊಟಕ್ಕೆ ಕೂತಾಗ, ಬಹಳ ಮೆತ್ತಗೆ. ಅವರು ಹೇಳಿದ್ದು ಖರೆ ಇತ್ತು. ಅದಕ್ಕೇ ಇನ್ನಷ್ಟು ಉರಿಯಿತು.

"ಮಾನ್ವಿ ಸಣ್ಣ ಊರೇನ್ರಿ? ಕಲೀತಾಳ ಬಿಡ್ರಿ" ಎಂದೆ.

ನನ್ನ ಹೆಂಡತಿ ರೊಟ್ಟಿ ನೀಡುತ್ತ, "ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದ್ಲಂತ" ಎಂದು ಗೊಣಗಿದಳು. ನನಗೆ ಕೇಳಲಿಲ್ಲವೆಂಬಂತೆ ಪಲ್ಯ ಹಾಕಿಸಿಕೊಂಡೆ.

ಕಣ್ಣು ವಾಸಿಯಾಗಿ ಬೀಗರು ಹೊರಟ ದಿನ ನನಗೆ ಹಬ್ಬ. ಚೀಲ ನಾನೇ ಹೊತ್ತೆ, ಮೊಮ್ಮಗಳೂ ಬಂದಳು. ಅವತ್ತು ದೇವದುರ್ಗದ ಬಸ್ಸಿನ ಮುಂದೆ ನಿಲ್ಲದೆ ಉಪಾಯವಿರಲಿಲ್ಲ. ಬೀಗರು ಹತ್ತಿ ಕಿಟಕಿಯ ಪಕ್ಕ ಕೂತರು. ಅವಳು ಬೋರ್ಡನ್ನೇ ನೋಡುತ್ತ ನಿಂತಳು. ಬೆರಳು ಗಾಳಿಯಲ್ಲಿ ತಿದ್ದತೊಡಗಿತು.

"ತಾತನ ಮಂಚದ ಮ. ತಾತನ ಸೀಟಿ ಸ. ತಾತನ ರಗ್ಗಿನ ರ. ತಾತನ ಕನ್ನಡಕದ ಕ. ಲ್... ಮ, ಸ, ರ, ಕ, ಲ್. ಮಸರಕಲ್! ಮುತ್ಯಾ, ನಿನ್ನ ಊರು! ನಾ ಓದಿದೆ!"

ಸುತ್ತ ನಿಂತವರೆಲ್ಲ ನಕ್ಕರು. ಸಾಮಾನೆಲ್ಲ ನನ್ನದು, ಆದ ಊರು ಮಾತ್ರ ಅವರದು. ಬೀಗರು ಕಿಟಕಿಯಿಂದ ಕೈ ಚಾಚಿ ಅವಳ ತಲೆ ಸವರಿದರು. "ಬಸ್‌ಸ್ಟ್ಯಾಂಡಿಗೆ ಕರಕೊಂಡು ಬಂದು ಓದಿಸಿದವ್ರು ನಿಮ್ಮ ತಾತ ನೋಡವ್ವಾ" ಎಂದರು. ಆ ದೊಡ್ಡಸ್ತಿಕೆಯನ್ನಂತೂ ನಾನು ಇವತ್ತಿಗೂ ಕ್ಷಮಿಸಿಲ್ಲ.

ಬಸ್ ಹೋದ ಮೇಲೆ ಅವಳು ಸ್ಟ್ಯಾಂಡೆಲ್ಲ ಕಣ್ಣಾಡಿಸಿ ಕೇಳಿದಳು: "ತಾತಾ, ನಿನ್ನ ಊರಿನ ಬಸ್ ಯಾವುದು?"

"ಇಲ್ಲಿಂದ ಹೊರಡೋ ಬಸ್ಸಿಗೆ ರಾಯಚೂರು ಅಂತ ಬೋರ್ಡ್ ಹಾಕಂಗಿಲ್ಲವ್ವಾ. ಬ್ಯಾರೆ ಊರಾಗ ನಿಂತ್ರ ಕಾಣತದ" ಎಂದೆ. ಮೂವತ್ತು ವರ್ಷ ಬಸ್ಸಿನಲ್ಲಿ ತಿರುಗಿದರೂ ಅದು ನನ್ನನ್ನು ಕಾಡಿದ್ದು ಅವತ್ತೇ.

ಬೇಸಿಗೆ ರಜೆಗೆ ಸೊಸೆ ಅವಳನ್ನು ತವರಿಗೆ ಕರೆದೊಯ್ದಳು. ಹೋಗುವಾಗ ಮೊಮ್ಮಗಳು ನನ್ನ ಸೀಟಿಯನ್ನು ಕೊರಳಿಗೆ ಹಾಕಿಕೊಂಡೇ ಹೋದಳು. ಮನೆ ಭಣಭಣ ಎನ್ನತೊಡಗಿತು. ರಜೆ ಮುಗಿಯುವವರೆಗೂ ತಡೆಯಲಾಗದೆ, ಮೊಮ್ಮಗಳನ್ನಾದರೂ ಕರೆತರುತ್ತೇನೆಂದು ಮಸರಕಲ್‌ಗೆ ಹೋದೆ. ಬೀಗರು ಕೋಳಿ ಸಾರು ಮಾಡಿಸಿ ಉಪಚರಿಸಿದರು. ಸಂಜೆ ಎಲ್ಲರೂ ರಸ್ತೆಗೆ ಬಂದು ನಿಂತೆವು. ಮೊಮ್ಮಗಳ ಬಟ್ಟೆಯ ಚೀಲವೂ ಬಂದಿರಬಹುದೆಂದು ಸೊಸೆಯ ಕೈ ನೋಡಿದೆ. ಚೀಲವಿರಲಿಲ್ಲ.

ದೇವದುರ್ಗದ ಕಡೆಯಿಂದ ಬಸ್ ಬಂತು. ಮೊಮ್ಮಗಳು ಮುತ್ಯಾನ ಕೈ ಬಿಟ್ಟು ಮುಂದೆ ಬಂದಳು. ಯಾರೂ ಹೇಳಿಕೊಡಲಿಲ್ಲ. ಬೀಗರಂತೂ ಬಾಯಿ ಬಿಗಿಹಿಡಿದು ನಿಂತಿದ್ದರು.

"ರಾ... ಯ... ಚೂ... ರು. ರಾಯಚೂರು!" ಎಂದಳು. ಒಂದೂ ತಪ್ಪಿರಲಿಲ್ಲ. ನನ್ನ ಎದೆ ಉಬ್ಬಿತು. ಎತ್ತಿಕೊಳ್ಳಲು ಕೈ ಚಾಚಿದೆ.

"ತಾತಾ, ನಿನ್ನ ಬಸ್ ಬಂತು. ಹತ್ತು" ಎಂದಳು.

"ನೀ ಬರಂಗಿಲ್ಲೇನವ್ವಾ?"

"ನಾ ಮುತ್ಯಾನ ಕೂಡ ಇರ್ತೀನಿ."

ಹತ್ತಿದೆ. ಅವಳು ಓಡಿಹೋಗಿ ಬೀಗರ ಪಕ್ಕ ನಿಂತು, ಕೊರಳಲ್ಲಿದ್ದ ನನ್ನ ಸೀಟಿಯನ್ನು ಬಾಯಿಗಿಟ್ಟು ಜೋರಾಗಿ ಊದಿದಳು. ಬಸ್ ಹೊರಟಿತು.